ಬೀದಿ, ನಡುಮನೆ, ಕಟ್ಟೆ

ಹಿರಿಯೂರಿನ ನಮ್ಮ ಕಾಲೇಜಿನಲ್ಲಿ ಮಹಡಿ ಮೆಟ್ಟಿಲಿನ ಕೆಳಗೆ ಒಂದು ಕೋಣೆಯಿತ್ತು. ಇಬ್ಬರು ಒಳಗೆ ನಿಂತರೆ ಮೂರನೆಯವರು ಬಾಗಿಲಾಚೆಯೇ ನಿಲ್ಲಬೇಕು, ಅಷ್ಟು ಚಿಕ್ಕದು. ಮೊದಲು ಅಲ್ಲಿ ಕಾಲು ಮುರಿದ ಬೆಂಚು, ಹಳೆಯ ಉತ್ತರ ಪತ್ರಿಕೆಗಳ ಮೂಟೆ ಇರುತ್ತಿದ್ದವು. ೨೦೦೬ರ ಬೇಸಿಗೆಯಲ್ಲಿ ಅವನ್ನೆಲ್ಲ ಖಾಲಿ ಮಾಡಿ, ಗೋಡೆಗೊಂದು ಕಬ್ಬಿಣದ ಕಪಾಟು ಹೊಡೆದು, ಅದರೊಳಗೆ ಊಟದ ಡಬ್ಬಿಗಿಂತ ಸ್ವಲ್ಪ ಅಗಲವಾದ ಒಂದು ಕರಿ ಪೆಟ್ಟಿಗೆ ಇಟ್ಟರು. ಅದರ ಮುಖದಲ್ಲಿ ಒಂದರಿಂದ ಆರರವರೆಗೆ ಅಂಕಿ ಬರೆದ ಆರು ತೂತು, ತೂತಿಗೊಂದು ಕಾಳಿನಷ್ಟು ದೀಪ. ಅದಕ್ಕೆ ಫೈರ್‌ವಾಲ್ ಎಂದು ಹೆಸರು. ಹೊರಗಿನ ಇಂಟರ್ನೆಟ್ಟಿಗೂ ಕಾಲೇಜಿನ ಕಂಪ್ಯೂಟರುಗಳಿಗೂ ನಡುವೆ ಕೂತು, ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡಿಕೊಳ್ಳುವುದು ಅದರ ಕೆಲಸ.

ಆ ಕೋಣೆಯ ಬೀಗದ ಕೈ ಏಕಾಂತಮ್ಮನವರ ಸೆರಗಿನ ತುದಿಯಲ್ಲಿ ಗಂಟು ಬಿದ್ದಿರುತ್ತಿತ್ತು.

ಏಕಾಂತಮ್ಮ ನಮ್ಮ ಕಂಪ್ಯೂಟರ್ ಲ್ಯಾಬಿನ ಅಟೆಂಡರ್. ಆಗ ಅವರಿಗೆ ಐವತ್ತರ ಹತ್ತಿರ. ಎತ್ತರದ, ಎಲುಬು ಕಾಣುವ ಮೈ; ಹಣೆಯ ಮೇಲೆ ತೆಳುವಾಗಿ ವಿಭೂತಿ; ನಡೆದರೆ ಸದ್ದಿಲ್ಲ. ಹುಟ್ಟಿದ್ದು ಹಿರೇಗುಂಟನೂರಿನಲ್ಲಿ, ಓದಿದ್ದು ಏಳನೇ ಕ್ಲಾಸಿನವರೆಗೆ. ಅವರ ಗಂಡ ಮೂರ್ತಪ್ಪ ಇದೇ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದವರು. ಬೇವಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದರು, ಅದೇ ಗಂಟೆ. ೧೯೯೨ರಲ್ಲಿ ಮೂರ್ತಪ್ಪ ತೀರಿಕೊಂಡಾಗ ಅನುಕಂಪದ ಮೇಲೆ ಕೆಲಸ ಹೆಂಡತಿಗೆ ಬಂತು, ಕೆಲಸದ ಜೊತೆಗೆ ಸುತ್ತಿಗೆಯೂ ಬಂತು. ಏಳು ವರ್ಷ ಏಕಾಂತಮ್ಮ ಆ ಕಂಬಿ ಬಾರಿಸಿದರು. ಆ ಸದ್ದು ವೇದಾವತಿಯ ಆಚೆ ದಡಕ್ಕೂ ಕೇಳುತ್ತಿತ್ತಂತೆ.

ಆಮೇಲೆ ಕರೆಂಟಿನ ಗಂಟೆ ಬಂತು. ಗುಂಡಿ ಒತ್ತಿದರೆ ಸಾಕು. ಅದನ್ನು ಆಫೀಸಿನವರೇ ಒತ್ತಿಕೊಂಡರು. ಏಕಾಂತಮ್ಮನವರ ಪಾಲಿಗೆ ನೀರಿನ ಜಗ್ಗು, ಕಸಬರಿಗೆ, ಚಾಕ್‌ಪೀಸಿನ ಡಬ್ಬಿ ಉಳಿದವು. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ, ಆದರೆ ಯಾರೂ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. "ಏಯ್, ನೀರು" ಎಂದರೆ ನೀರು ಹೋಗುತ್ತಿತ್ತು. ಮೆಟ್ಟಿಲ ಕೆಳಗಿನ ಕೋಣೆಯ ಕೀ ಅವರ ಸೆರಗಿಗೆ ಬಂದ ಮೇಲೆ ಕಾಲೇಜಿನಲ್ಲಿ ಒಂದು ಹೊಸ ಮಾತು ಹುಟ್ಟಿತು. ನೆಟ್ ಬರದಿದ್ದರೆ, ರಿಸಲ್ಟ್ ತೆರೆಯದಿದ್ದರೆ, ಲೆಕ್ಚರರುಗಳೂ ಹೇಳುತ್ತಿದ್ದರು: "ಏಕಾಂತಮ್ಮನ್ನ ಕೇಳ್ರಿ."

ಕೀ ಅವರಿಗೆ ಬಂದದ್ದು ಹೀಗೆ.

ಪೆಟ್ಟಿಗೆ ಕೂರಿಸಲು ದಾವಣಗೆರೆಯಿಂದ ಗುರುರಾಜ್ ಎಂಬ ಎಂಜಿನಿಯರ್ ಬಂದಿದ್ದ. ಲೆಕ್ಚರರುಗಳೆಲ್ಲ ಪೇಪರ್ ತಿದ್ದಲು ಹೋಗಿದ್ದ ದಿನಗಳು ಅವು. ವಿವರಿಸೋಣವೆಂದರೆ ಅವನ ಮುಂದೆ ಏಕಾಂತಮ್ಮನನ್ನು ಬಿಟ್ಟರೆ ಇನ್ನಾರೂ ಇರಲಿಲ್ಲ.

"ನೋಡ್ರಿ ಅಮ್ಮಾರೆ, ಈ ತೂತಿಗೆ ಪೋರ್ಟ್ ಅಂತೀವಿ. ನೋಡಾಕೆ ಆರೂ ಒಂದೇ ಥರ ಅವೆ. ಆದ್ರೆ ಒಂದೊಂದಕ್ಕೂ ಒಂದೊಂದು ಕೆಲಸ ಹಚ್ಚಬೇಕು. ಒಂದನೇದು ವ್ಯಾನ್, ಹೊರಗಿನ ಲೈನು ಇದಕ್ಕೆ. ಎರಡನೇದು ಲ್ಯಾನ್, ನಿಮ್ಮ ಲ್ಯಾಬು, ಆಫೀಸು ಎಲ್ಲ ಇದರಲ್ಲಿ. ಮೂರನೇದು ಡಿಎಂಝಡ್..." ಅಲ್ಲಿ ಅವನು ತಡವರಿಸಿದ. "ಅಂದ್ರೆ, ರಿಸಲ್ಟ್ ಇಡೋ ಕಂಪ್ಯೂಟರ್ ಐತಲ್ಲ, ಅದು. ಹೊರಗಿನೋರೂ ಅಲ್ಲೀವರೆಗೆ ಬರಬೌದು, ನೋಡ್ಕಂಡು ಹೋಗಬೌದು. ಆದ್ರೆ ಅಲ್ಲಿಂದ ಒಳಗೆ ಬಿಡಂಗಿಲ್ಲ."

"ಕಟ್ಟೆ ಅನ್ನಪ್ಪ ಮತ್ತೆ," ಎಂದರು ಏಕಾಂತಮ್ಮ.

"ಏನು?"

"ಮನೆ ಮುಂದಿನ ಕಟ್ಟೆ. ದಾರೀಲಿ ಹೋಗೋರು ಬರ್ತಾರೆ, ಕುಂತ್ಕಳ್ರಿ ಅಂತೀವಿ, ನೀರು ಕೊಡ್ತೀವಿ. ಹಂಗಂತ ಹೊಸ್ತಿಲು ದಾಟಿ ನಡುಮನೇಗೆ ಬಂದುಬಿಡ್ತಾರೇನು? ಮೊದಲ್ನೇದು ಬೀದಿ. ಅದರ ಪಕ್ಕದ್ದು ನಡುಮನೆ. ಇದು ಕಟ್ಟೆ."

ಗುರುರಾಜ್ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ನಾಕು ವರ್ಷದಿಂದ ಊರೂರು ಪ್ರಿನ್ಸಿಪಾಲ್‌ಗಳಿಗೆ ಇದನ್ನ ತಿಳಿಸಾಕೆ ಒದ್ದಾಡ್ತಿದೀನಿ. ಒಬ್ರಿಗಾದ್ರೂ ಗೊತ್ತಾತು ಅನ್ಸಿಲ್ಲ."

"ಅವರು ಕಟ್ಟೆ ಇಲ್ಲದ ಮನೇಲಿ ಇರ್ತಾರೇನೋ. ಉಳಿದ ಮೂರು ಯಾತಕ್ಕೆ?"

"ಸದ್ಯಕ್ಕೆ ಯಾತಕ್ಕೂ ಇಲ್ಲ. ಮುಚ್ಚಿ ಇಡ್ತೀನಿ."

"ಮುಚ್ಚಪ್ಪ. ಬಳಸದ ಬಾಗಿಲಿಗೆ ಅಗುಳಿ ಬೇಕು."

ಹೊರಡುವ ಅವಸರದಲ್ಲಿ ಗುರುರಾಜ್, ಮೂರು ತಂತಿಗಳಿಗೂ ಯಾವ ತೂತಿನದು ಯಾವುದು ಎಂದು ಗುರುತಿಗೆ ಅಂಕಿ ಬರೆದಿಡಲು ಹೇಳಿ, ಕೋಣೆಯ ಕೀಯನ್ನೂ ಅವರ ಕೈಗೇ ಕೊಟ್ಟು ಬಸ್ಸಿಗೆ ಓಡಿದ. ಏಕಾಂತಮ್ಮ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರ್ ತಂದು, ಮೂರು ತುಂಡು ಕತ್ತರಿಸಿ, ತಂತಿಯ ಕೊರಳಿಗೆ ಸುತ್ತಿ, ಮಾರ್ಕರ್ ಪೆನ್ನಿನಿಂದ ಬರೆದರು. ಮೂರನೆಯದಕ್ಕೆ ೩. ಎರಡನೆಯದಕ್ಕೆ ೨. ಮೊದಲನೆಯದಕ್ಕೆ: ಲಾ.

ಲಾ ಎಂದರೆ ಲಾಭ. ಅವರ ತಂದೆ ಗೊಲ್ಲಪ್ಪ ಹಿರೇಗುಂಟನೂರಿನ ಕಣಗಳಲ್ಲಿ ರಾಶಿ ಅಳೆಯುತ್ತಿದ್ದವರು. ಕೊಳಗವನ್ನು ರಾಶಿಗೆ ಇಳಿಸಿ, ತುಂಬಿ, ಅಂಗೈಯಿಂದ ಮೇಲೆ ಸವರಿ, ಚೀಲಕ್ಕೆ ಸುರಿಯುವಾಗ ಮೊದಲ ಸಲ ಯಾರೂ 'ಒಂದು' ಎನ್ನುವುದಿಲ್ಲ. 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು. ರಾಶಿಯ ಮುಂದೆ ಕೂತು ಒಂದು ಅಂದರೆ ಒಂದಕ್ಕೇ ನಿಂತುಬಿಡುತ್ತದೆ ಎಂದು ಭಯ. ಏಕಾಂತಮ್ಮ ಹತ್ತು ವರ್ಷದವರಿದ್ದಾಗಿಂದ ಕಣದಲ್ಲಿ ತಂದೆಯ ಪಕ್ಕ ಕೂತು ಎಣಿಕೆಗೆ ಕಲ್ಲು ಇಡುತ್ತಿದ್ದರು. ರಾಗಿಯಾಗಲಿ, ಮನೆಯ ಸೇರಿನಲ್ಲಿ ಅಕ್ಕಿಯಾಗಲಿ, ಕಾಲೇಜಿನ ಕುರ್ಚಿಗಳಾಗಲಿ, ಎಣಿಸಿ ಗುರುತು ಹಾಕುವುದು ಬಂದರೆ ಅವರ ಕೈಗೆ ಒಂದು ಬರುತ್ತಿರಲಿಲ್ಲ.

ಪೆಟ್ಟಿಗೆಯನ್ನು ನೋಡಿಕೊಳ್ಳುವುದನ್ನೂ ಗುರುರಾಜನೇ ಕಲಿಸಿದ್ದ. ಲ್ಯಾಬಿನ ಕಂಪ್ಯೂಟರಿನಲ್ಲಿ ಪೆಟ್ಟಿಗೆಯದೇ ಒಂದು ಪುಟ ತೆರೆಯುತ್ತಿತ್ತು. ಅದರಲ್ಲಿ ಆರು ತೂತಿನ ಚಿತ್ರ. ತಂತಿ ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಬೂದಿ ಬಣ್ಣ. ಪಕ್ಕದಲ್ಲಿ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಅಂಕಿಗಳು. ಏಕಾಂತಮ್ಮ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದನ್ನು ಬರೆದಿಡುತ್ತಿದ್ದರು. ಆದರೆ ಅವರು ಹೆಚ್ಚು ನಂಬಿದ್ದು ಪುಟವನ್ನಲ್ಲ, ದೀಪಗಳನ್ನು. ಕೋಣೆಯ ಬಾಗಿಲು ತೆರೆದು, ಸ್ಟೂಲಿನ ಮೇಲೆ ಕೂತು, ಸುಮ್ಮನೆ ನೋಡುತ್ತಿದ್ದರು. ರಿಸಲ್ಟ್ ದಿನ ಕಟ್ಟೆಯ ದೀಪ ಕಣ್ಣು ಮುಚ್ಚದೆ ಮಿನುಗುತ್ತಿತ್ತು. ಹುಡುಗರು ಲ್ಯಾಬಿಗೆ ಬಂದರೆ ನಡುಮನೆಯ ದೀಪ ಓಡತೊಡಗುತ್ತಿತ್ತು. ಎಲ್ಲರೂ ಹೋಗಿ ಕಂಪ್ಯೂಟರ್ ಆರಿಸಿದ ಮೇಲೆ ಅದು ಮಿಸುಕದೆ ಉರಿಯುತ್ತಿತ್ತು. ಬೀದಿಯದು ಮಾತ್ರ ಭಾನುವಾರವೂ, ರಜೆಯ ದಿನವೂ, ಯಾರಿಲ್ಲದಿದ್ದರೂ, ಆಗೊಮ್ಮೆ ಈಗೊಮ್ಮೆ ತಾನಾಗಿ ಮಿಟುಕುತ್ತಿತ್ತು.

"ಬೀದೀಲಿ ಯಾರಾದ್ರೂ ಓಡಾಡ್ತಾನೇ ಇರ್ತಾರೆ ಕಣೆ," ಎಂದು ಲೈಬ್ರರಿಯ ಸಹಾಯಕಿ ಅನುಸೂಯಳಿಗೆ ಹೇಳುತ್ತಿದ್ದರು. ಅನುಸೂಯ ಅವರಿಗಿಂತ ಹದಿನೈದು ವರ್ಷ ಚಿಕ್ಕವಳು, ಮಧ್ಯಾಹ್ನದ ಊಟದ ಜೊತೆಗಾತಿ.

ಒಮ್ಮೆ ಹೊರಗಿನ ಲೈನು ಕಡಿದಾಗ ಏಕಾಂತಮ್ಮನೇ ಟೆಲಿಫೋನ್ ಆಫೀಸಿಗೆ ಫೋನು ಮಾಡಿ ದೂರು ಹೇಳಿದ್ದರು. "ನಮ್ಮ ಬೀದಿ ದೀಪ ಆರೈತಪ್ಪ, ಬೇಗ ಬರ್ರಿ."

"ಬೀದಿ ದೀಪಕ್ಕೆ ಪುರಸಭೆಗೆ ಫೋನ್ ಮಾಡ್ರಮ್ಮ. ನಮಗೆ ಯಾಕೆ ಮಾಡ್ತೀರ?" ಎಂದು ಆ ಕಡೆಯವನು ಇಟ್ಟುಬಿಟ್ಟಿದ್ದ. ಅನುಸೂಯ ಇದನ್ನು ವಾರಗಟ್ಟಲೆ ಕಂಡಕಂಡವರಿಗೆ ಹೇಳಿ ನಕ್ಕಳು.

ಹೀಗೆ ಎರಡು ವರ್ಷ ನಡೆಯಿತು. ೨೦೦೮ರಲ್ಲಿ ಕಾಲೇಜಿಗೆ ಸಿಸ್ಟಮ್ ಅಡ್ಮಿನ್ ಎಂಬ ಹೊಸ ಹುದ್ದೆ ಮಾಡಿ ಲಕ್ಷ್ಮೀಕಾಂತ್ ಅವರನ್ನು ತೆಗೆದುಕೊಂಡರು. ಹೊಸದುರ್ಗದವರು, ಡಿಪ್ಲೊಮಾ ಮಾಡಿದವರು, ಇಪ್ಪತ್ತಾರು ವರ್ಷ. ಕೆಟ್ಟವರಲ್ಲ, ಅವಸರದವರು. ಕೆಲಸ ಬಲ್ಲವರೂ ಹೌದು. ಆದರೆ ಪೆಟ್ಟಿಗೆಯ ಕೋಣೆಯ ಕೀ ಅಟೆಂಡರ್ ಒಬ್ಬರ ಸೆರಗಿನಲ್ಲಿರುವುದು ಅವರಿಗೆ ಸರಿಕಾಣಲಿಲ್ಲ. ಏಕಾಂತಮ್ಮ ಸೋಮವಾರ ಸೋಮವಾರ ಪೆಟ್ಟಿಗೆಯ ಧೂಳು ಒರೆಸುವುದನ್ನು ನೋಡಿ ಹೇಳಿದ್ದರು: "ಇದು ಎಲೆಕ್ಟ್ರಾನಿಕ್ಸ್ ಐಟಂ ರೀ, ಪಾತ್ರೆ ಅಲ್ಲ. ಒದ್ದೆ ಬಟ್ಟೆ ತಾಗಿದ್ರೆ ಗೋವಿಂದ."

"ಒಣ ಬಟ್ಟೆ ಸಾರ್. ಹಳೇ ಸೀರೇದು."

"ಯಾವುದಾದ್ರೂ ಆಗ್ಲಿ."

ಪ್ರಿನ್ಸಿಪಾಲ್ ಓಬಳೇಶಪ್ಪನವರು ಅರ್ಥಶಾಸ್ತ್ರದ ಮೇಷ್ಟ್ರು, ಯಾವ ಮಾತಿಗೂ ತಕ್ಷಣ ಹೂಂ ಎನ್ನದವರು. ಕೀ ವಿಷಯವನ್ನು ಆಮೇಲೆ ನೋಡೋಣ ಎಂದು ಇಬ್ಬರನ್ನೂ ಕಳಿಸಿದ್ದರು.

ಆ ವರ್ಷ ಚುನಾವಣೆ ಬಂತು. ಏಕಾಂತಮ್ಮನವರನ್ನು ಹೊಸದುರ್ಗ ತಾಲ್ಲೂಕಿನ ಒಂದು ಬೂತಿಗೆ ಡ್ಯೂಟಿಗೆ ಹಾಕಿದರು. ಅದರ ಮುಂದಿನ ವಾರದಲ್ಲೇ ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿ ಬರುವುದಿತ್ತು. ಹೊಸ ಕೋರ್ಸಿಗೆ ಒಪ್ಪಿಗೆ ಸಿಗಬೇಕಾದರೆ ಲ್ಯಾಬಿನಲ್ಲಿ ನೆಟ್ ಓಡುವುದನ್ನು ತೋರಿಸಬೇಕು. ಕೀಯನ್ನು ಆಫೀಸಿನಲ್ಲಿ ಕೊಟ್ಟು ಏಕಾಂತಮ್ಮ ಡ್ಯೂಟಿಗೆ ಹೋದರು. ಮೂರು ದಿನ ಬಿಟ್ಟು ಮಂಗಳವಾರ ಬೆಳಿಗ್ಗೆ ಬಂದು ನೋಡಿದರೆ ಕಾಲೇಜಿಗೆಲ್ಲ ಸುಣ್ಣ ಹೊಡೆದಿತ್ತು. ಮೆಟ್ಟಿಲ ಕೆಳಗಿನ ಕೋಣೆಯ ಹೊರಗೋಡೆಯೂ ಬೆಳ್ಳಗಾಗಿತ್ತು. ನೆಲದ ಮೇಲೆ ಸುಣ್ಣದ ಹನಿ, ಹಸಿ ಗೋಡೆಯ ವಾಸನೆ. ಬಾಗಿಲಿಗೆ ಬೀಗವಿತ್ತು, ಕೀ ಆಫೀಸಿನಲ್ಲಿರಲಿಲ್ಲ.

"ಪ್ರಿನ್ಸಿಪಾಲ್ ಕರೀತಾವ್ರೆ," ಎಂದು ಅನುಸೂಯ ಮೆಲ್ಲಗೆ ಹೇಳಿದಳು. "ನೆಟ್ ಸತ್ತೋಗೈತಕ್ಕ. ಶನಿವಾರದಿಂದ."

ಒಳಗೆ ಲಕ್ಷ್ಮೀಕಾಂತ್ ನಿಂತಿದ್ದರು. ಮೇಜಿನ ಮೇಲೆ ಅವರು ಬರೆದುಕೊಟ್ಟ ಒಂದು ಹಾಳೆಯಿತ್ತು, ಅದರ ಮೇಲೆ ಕೀ ಇತ್ತು.

"ಪೆಟ್ಟಿಗೆ ಕೆಟ್ಟೈತಂತೆ," ಎಂದರು ಓಬಳೇಶಪ್ಪ. "ದೀಪ ಉರೀತವೆ, ಒಳಗೆ ಜೀವ ಇಲ್ಲ ಅಂತಾರೆ ಇವರು."

"ಮೂರು ಪೋರ್ಟಿಗೂ ಹಸಿರು ಲೈಟ್ ಐತೆ ಸಾರ್, ತಂತಿ ಎಲ್ಲ ಸರಿ ಅವೆ," ಎಂದರು ಲಕ್ಷ್ಮೀಕಾಂತ್. "ಆದ್ರೆ ಅದರ ಪುಟಾನೇ ತೆರೀತಿಲ್ಲ. ಲ್ಯಾಬಿಂದ ಮಾತಾಡ್ಸಿದ್ರೆ ಉತ್ತರಾನೇ ಇಲ್ಲ. ಒಳಗೆ ನೀರು ಹೋಗೈತೆ. ನಾನು ಮೊದಲೇ ಹೇಳಿದ್ದೆ, ಒದ್ದೆ ಬಟ್ಟೇಲಿ ಒರೆಸಬ್ಯಾಡ್ರಿ ಅಂತ."

"ನಾನು ಒದ್ದೆ ಬಟ್ಟೆ ಮುಟ್ಟಿಸಿಲ್ರಿ ಸಾರ್. ನಾನು ಹೋದ ದಿನ ಚೆನ್ನಾಗೇ ಇತ್ತು. ಪುಸ್ತಕದಾಗೆ ಬರೆದೀನಿ."

"ಬರೆದಿರಬೌದು," ಎಂದರು ಓಬಳೇಶಪ್ಪ. ಸಿಟ್ಟಿನ ದನಿಯಲ್ಲ, ದಣಿದ ದನಿ. "ಪೆಟ್ಟಿಗೆ ನಾಳೆ ಸಾಯಂಕಾಲ ಬೆಂಗಳೂರಿಗೆ ಹೋಗುತ್ತೆ, ರಿಪೇರಿಗೆ. ಗುರುವಾರ ಸಮಿತಿಯವರ ಮುಂದೆ ನಾವು ಕೈ ಕಟ್ಟಿ ನಿಲ್ಲಬೇಕು. ನೀವು ಸೋಮವಾರದಿಂದ ಹಾಸ್ಟೆಲಿಗೆ ಹೋಗ್ರಿ ಏಕಾಂತಮ್ಮ. ಅಲ್ಲಿ ಉಗ್ರಾಣಕ್ಕೆ ಒಬ್ಬರು ಬೇಕಂತೆ, ಅಕ್ಕಿ, ಬೇಳೆ ಅಳೆದು ಕೊಡಾಕೆ. ಈ ಕೋಣೆ ಇನ್ಮೇಲೆ ಲಕ್ಷ್ಮೀಕಾಂತ್ ನೋಡ್ಕಳ್ಳಲಿ."

ಏಕಾಂತಮ್ಮ ಹೊರಗೆ ಬಂದು, ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತರು. ಕೊಂಬೆಯಲ್ಲಿ ಕಂಬಿ ತೂಗುಹಾಕಿದ್ದ ಸರಪಳಿಯ ಗುರುತು ಇನ್ನೂ ಇತ್ತು, ತೊಗಟೆ ಅದರ ಸುತ್ತ ಉಬ್ಬಿಕೊಂಡಿತ್ತು.

ಮರುದಿನ ಬುಧವಾರ ಎಂಟು ಗಂಟೆಗೇ ಕಾಲೇಜಿಗೆ ಬಂದರು. ಲ್ಯಾಬು ತೆರೆಯುವುದು ಇನ್ನೂ ಅವರದೇ ಕೆಲಸ. ಸುಣ್ಣದ ಹಸಿ ಆರಲೆಂದು ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲನ್ನು ಪ್ರಿನ್ಸಿಪಾಲರು ಹಿಂದಿನ ಸಂಜೆಯೇ ತೆಗೆಸಿದ್ದರು, ರಾತ್ರಿ ಕಾವಲಿನವನು ಹಾಗೇ ಬಿಟ್ಟಿದ್ದ. ಏಕಾಂತಮ್ಮ ಒಳಗೆ ಹೋಗಲಿಲ್ಲ. ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕೂತರು. ಕಪಾಟಿನ ಬಾಗಿಲೂ ತೆರೆದಿತ್ತು. ಮೂರು ದೀಪಗಳೂ ಹಸಿರಾಗಿ ಉರಿಯುತ್ತಿದ್ದವು. ಎರಡು ವರ್ಷದ ರೂಢಿ. ಸುಮ್ಮನೆ ನೋಡುತ್ತಾ ಕೂತರು.

ಲ್ಯಾಬಿನಲ್ಲಿ ಒಂದು ಕಂಪ್ಯೂಟರೂ ಹಚ್ಚಿರಲಿಲ್ಲ. ಆಫೀಸು ತೆರೆದಿರಲಿಲ್ಲ. ಆದರೂ ಎರಡನೆಯ ದೀಪ ಒಮ್ಮೆ ಮಿಟುಕಿತು. ಸ್ವಲ್ಪ ತಡೆದು ಮತ್ತೊಮ್ಮೆ. ಮೊದಲನೆಯದು ಮಿಸುಕಲಿಲ್ಲ.

ಏಕಾಂತಮ್ಮ ಎದ್ದು ನಿಂತರು. ನಡುಮನೆಯಲ್ಲಿ ಯಾರೂ ಇಲ್ಲದಾಗ ಓಡಾಡುತ್ತಿರುವವರು ಯಾರು?

ಅನುಸೂಯ ಆಗಷ್ಟೇ ಲೈಬ್ರರಿಯ ಬಾಗಿಲು ತೆರೆಯುತ್ತಿದ್ದಳು. "ಅನುಸೂಯ, ಬಾರೆ ಇಲ್ಲಿ. ಲ್ಯಾಬಿಗೆ ಹೋಗಿ ಯಾವುದಾದ್ರೂ ಒಂದು ಕಂಪ್ಯೂಟರ್ ಹಚ್ಚು."

"ಬೆಳ್ಳಂಬೆಳಿಗ್ಗೆ ಏನಕ್ಕ ನಿಂದು? ನೆಟ್ಟೇ ಇಲ್ಲ."

"ಹಚ್ಚೇ ಅಂದ್ರೆ. ಹಚ್ಚಿ ಕೂಗು."

ಲ್ಯಾಬಿನ ಕಿಟಕಿಯಿಂದ ಕೂಗು ಬಂತು: "ಹಚ್ಚಿದೆ ಕಣಕ್ಕಾ!" ಏಕಾಂತಮ್ಮ ದೀಪಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಕಂಪ್ಯೂಟರ್ ಪೂರ್ತಿ ಏಳಲು ಎರಡು ನಿಮಿಷ ಹಿಡಿಯುತ್ತದೆ. ಎದ್ದಿತು. ಮೊದಲನೆಯ ದೀಪ ತಟತಟನೆ ಮಿನುಗಿತು.

"ಆರಿಸು!" ಆರಿಸಿದಳು. ಮೊದಲನೆಯ ದೀಪ ತಣ್ಣಗಾಯಿತು. ಎರಡನೆಯದು ತನ್ನ ಪಾಡಿಗೆ ಆಗೊಮ್ಮೆ ಈಗೊಮ್ಮೆ ಮಿಟುಕುತ್ತಲೇ ಇತ್ತು.

ಅಂದರೆ ಬೀದಿ ಎರಡನೆಯ ತೂತಿಗೆ ಬಂದಿತ್ತು. ನಡುಮನೆ ಮೊದಲನೆಯದಕ್ಕೆ ಹೋಗಿತ್ತು. ಪೆಟ್ಟಿಗೆ ಕೆಟ್ಟಿರಲಿಲ್ಲ. ತನಗೆ ಹೇಳಿಕೊಟ್ಟಂತೆಯೇ ಮಾಡುತ್ತಿತ್ತು: ಬೀದಿಯವರೆಂದು ತಿಳಿದು ಮನೆಯವರನ್ನೇ ಹೊರಗೆ ನಿಲ್ಲಿಸಿತ್ತು.

ಏಕಾಂತಮ್ಮ ಬಗ್ಗಿ ತಂತಿಗಳ ಕೊರಳು ನೋಡಿದರು. ಮೂರನೆಯದರ ಮೇಲೆ ೩ ಹಾಗೇ ಇತ್ತು. ಮೊದಲನೆಯ ತೂತಿನ ತಂತಿಗೆ ಪ್ಲಾಸ್ಟರೇ ಇರಲಿಲ್ಲ, ಸುಣ್ಣದ ನೀರಿಗೆ ನೆನೆದು ಕಿತ್ತುಹೋಗಿತ್ತು. ಎರಡನೆಯ ತೂತಿಗೆ ಸೇರಿದ್ದ ತಂತಿಯ ಮೇಲೆ ತಮ್ಮದೇ ದುಂಡಗಿನ ಅಕ್ಷರ: ಲಾ.

ಅವರು ಸ್ಟೂಲಿನ ಮೇಲೆ ಮತ್ತೆ ಕೂತರು.

ಅನುಸೂಯ ಓಡಿಬಂದು ವಿಷಯ ಕೇಳಿಸಿಕೊಂಡಳು. "ಅಯ್ಯೋ, ಅಷ್ಟೇನಾ? ಎರಡು ತಂತಿ ಕಿತ್ತು ಅದಲು ಬದಲು ಹಾಕಕ್ಕ. ನೆಟ್ ಬರ್ಲಿ. ಆಮೇಲೆ ಆ ಲಕ್ಷ್ಮೀಕಾಂತನ ಮುಖ ನೋಡಾಣ. ಒದ್ದೆ ಬಟ್ಟೆಯಂತೆ!"

"ಮುಟ್ಟಬಾರದು. ಮುಟ್ಟಿದ್ರೆ ಮೊದ್ಲೂ ಇವಳೇ ಮುಟ್ಟಿರಬೇಕು ಅಂತಾರೆ." ತಂತಿಯ ಕಡೆ ಬೆರಳು ತೋರಿಸಿ ಹೇಳಿದರು: "ಅವರು ಲಾ ಅನ್ನೋದನ್ನ ಲ್ಯಾನ್ ಅಂತ ಓದ್ಯಾರೆ ಕಣೆ. ಬರೆದೋಳು ನಾನು."

"ಅದನ್ನ ಹೇಳಬ್ಯಾಡ ನೀನು. ಹೇಳಿದ್ರೆ ಹಾಸ್ಟೆಲೇ ಗತಿ. ಓದು ಬರಹ ಇಲ್ಲದೋರ ಕೈಗೆ ಕೊಟ್ಟರೆ ಹಿಂಗೇ ಅಂತಾರೆ."

"ಹೇಳದಿದ್ರೆ ಪೆಟ್ಟಿಗೆ ಬೆಂಗಳೂರಿಗೆ ಹೋಗುತ್ತೆ, ಸುಮ್ನೆ. ಏನೂ ಆಗಿಲ್ಲ ಅದಕ್ಕೆ."

ಲಕ್ಷ್ಮೀಕಾಂತ್ ಒಂಬತ್ತೂವರೆಗೆ ಬಂದರು, ಪೆಟ್ಟಿಗೆ ಕಟ್ಟಲು ರಟ್ಟಿನ ಡಬ್ಬ ಹಿಡಿದುಕೊಂಡು. ಏಕಾಂತಮ್ಮ ಎದ್ದು ನಿಂತರು.

"ಸಾರ್, ಈ ತಂತೀನ ಎರಡನೇದಕ್ಕೆ ಯಾಕೆ ಹಾಕಿದ್ರಿ?"

"ಸುಣ್ಣದೋರು ಎಲ್ಲ ಕಿತ್ತು ಹಾಕಿದ್ರಲ್ರೀ. ಒಂದು ವ್ಯಾನು, ಎರಡು ಲ್ಯಾನು, ಮೂರು ಡಿಎಂಝಡ್ಡು, ಅಂತ ಫೈಲಲ್ಲಿ ಐತೆ. ಈ ತಂತಿ ಮೇಲೆ ಬರೆದೇ ಐತಲ್ಲ, ಲಾ ಅಂತ. ಲ್ಯಾನ್."

"ಲ್ಯಾನ್ ಅಲ್ರಿ. ಲಾಭ."

"ಯಾವ ಲಾಭ?"

"ಒಂದು ಸಾರ್. ರಾಗಿ ಅಳೆಯಾವಾಗ ಒಂದಕ್ಕೆ ಲಾಭ ಅಂತೀವಲ್ಲ. ಅದು ಒಂದನೇ ತೂತಿನ ತಂತಿ, ಬೀದೀದು. ನಾನು ಹಂಗೆ ಬರೆದುಬಿಟ್ಟಿದ್ದೆ."

ಲಕ್ಷ್ಮೀಕಾಂತ್ ಡಬ್ಬವನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ನಗು ನಿಂತಿತು. ಹೊಸದುರ್ಗದಲ್ಲಿ ಅವರದು ದಿನಸಿ ಅಂಗಡಿಯ ಮನೆ. "ನಮ್ಮಜ್ಜಿ ಅಂಗಡೀಲಿ ಮಂಡಕ್ಕಿ ಅಳೆಯಾವಾಗ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ಬಗ್ಗಿ, ಎರಡೂ ತಂತಿ ಕಿತ್ತು, ಅದಲು ಬದಲು ಮಾಡಿ ಚುಚ್ಚಿದರು. ಎರಡು ದೀಪಗಳು ಆರಿ ಮತ್ತೆ ಹತ್ತಿದವು.

"ಅನುಸೂಯಾ, ಹಚ್ಚೇ!" ಎಂದು ಏಕಾಂತಮ್ಮ ಕೂಗಿದರು.

ಹೊರಗೆ ಹೈವೇಯಲ್ಲಿ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆದುಕೊಂಡು ಹೋಯಿತು.

"ಬಂತು ಕಣಕ್ಕಾ! ಪುಟ ಬಂತು! ನೆಟ್ಟೂ ಬಂತು!"

ಇಬ್ಬರೂ ಪ್ರಿನ್ಸಿಪಾಲರ ಕೋಣೆಗೆ ಹೋದರು. ಲಕ್ಷ್ಮೀಕಾಂತ್ ಬರೆದುಕೊಟ್ಟ ಹಾಳೆ ಇನ್ನೂ ಮೇಜಿನ ಮೇಲೇ ಇತ್ತು. ಅವರು ಅದನ್ನು ನೋಡಿದರು, ಆಮೇಲೆ ಗೋಡೆ ನೋಡಿದರು. "ಇದನ್ನ ವಾಪಸ್ ತಗಂತೀನಿ ಸಾರ್. ಪೆಟ್ಟಿಗೆ ಸರಿ ಐತೆ. ನೀರೂ ಹೋಗಿಲ್ಲ, ಏನೂ ಇಲ್ಲ. ತಂತಿ ನಾನು ತಪ್ಪಾಗಿ ಹಾಕಿದ್ದೆ."

"ಬರೆದಿದ್ದು ನಾನು ಸಾರ್," ಎಂದರು ಏಕಾಂತಮ್ಮ. "ಒಂದು ಅಂತ ಬರೀಬೇಕಿತ್ತು. ಲಾಭ ಅಂತ ಬರೆದೆ."

ಓಬಳೇಶಪ್ಪನವರಿಗೆ ಪೂರ್ತಿ ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಇಪ್ಪತ್ತೆಂಟು ವರ್ಷ ಲಾಭದ ಪಾಠ ಮಾಡಿದೀನಿ. ಲಾಭದಿಂದ ಇಂಥ ನಷ್ಟ ಆಗುತ್ತೆ ಅಂತ ಯಾವ ಪುಸ್ತಕದಾಗೂ ಇಲ್ಲವಲ್ರೀ." ಹಾಳೆಯನ್ನು ಲಕ್ಷ್ಮೀಕಾಂತರ ಕಡೆ ತಳ್ಳಿದರು. ಕೀಯನ್ನು ತಳ್ಳಲಿಲ್ಲ, ಎತ್ತಿ ಮೇಜಿನ ಡ್ರಾದೊಳಗೆ ಹಾಕಿದರು. "ಇದು ಇಲ್ಲಿರಲಿ. ನಾಳೆ ಸಮಿತಿ ಹೋಗಲಿ, ಆಮೇಲೆ ನೋಡಾಣ. ಇವತ್ತು ಆ ತಂತಿಗಳಿಗೆ ಯಾರು ಓದಿದ್ರೂ ತಪ್ಪಾಗದಂಗೆ ಗುರುತು ಹಾಕ್ರಿ."

ಮಧ್ಯಾಹ್ನ ಏಕಾಂತಮ್ಮ ಪ್ಲಾಸ್ಟರ್ ಕತ್ತರಿಸಿ, ಮಾರ್ಕರ್ ಹಿಡಿದು ಕೂತರು. ಮೊದಲ ತುಂಡಿನ ಮೇಲೆ ೧ ಬರೆಯಬೇಕು. ಬರೆಯುವುದೇನು ಕಷ್ಟವಲ್ಲ. ಪೆನ್ನಿನ ತುದಿ ಪ್ಲಾಸ್ಟರಿನ ಮೇಲೆ ಊರಿ ಅಲ್ಲೇ ನಿಂತಿತು. ನೀಲಿ ಚುಕ್ಕೆಯೊಂದು ಅಗಲವಾಗುತ್ತಾ ಹೋಯಿತು. ಲಕ್ಷ್ಮೀಕಾಂತ್ ನೋಡುತ್ತಿದ್ದರು.

"ಅಂಕಿ ಬ್ಯಾಡ ಬಿಡ್ರಿ," ಎಂದರು. "ಎಷ್ಟನೇದು ಅನ್ನೋದು ಪೆಟ್ಟಿಗೆ ಮೇಲೇ ಐತೆ. ತಂತಿ ಮೇಲೆ ಅದರ ಕೆಲಸ ಬರೀರಿ. ನೀವು ಏನಂತೀರಿ ಇವಕ್ಕೆ?"

ಏಕಾಂತಮ್ಮ ಆ ತುಂಡನ್ನು ಬಿಸಾಡಿ, ಹೊಸದನ್ನು ಕತ್ತರಿಸಿ ಬರೆದರು: ಬೀದಿ. ನಡುಮನೆ. ಕಟ್ಟೆ. ಸುಣ್ಣದ ನೀರಿಗೆ ಹೋಗದಂತೆ ಮೇಲೆ ಪಾರದರ್ಶಕ ಟೇಪು ಸುತ್ತಿದರು. ಲಕ್ಷ್ಮೀಕಾಂತ್ ಲ್ಯಾಬಿಗೆ ಹೋಗಿ, ಪೆಟ್ಟಿಗೆಯ ಪುಟ ತೆರೆದು, ಪ್ರತಿ ಪೋರ್ಟಿನ ಹೆಸರು ಬರೆಯುವ ಜಾಗದಲ್ಲಿ ಅವೇ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರು. ಆ ಪುಟಕ್ಕೆ ಕನ್ನಡ ಬರುತ್ತಿರಲಿಲ್ಲ.

ಗುರುವಾರ ಸಮಿತಿಯವರು ಮೂವರು ಬಂದರು. ಲ್ಯಾಬಿನಲ್ಲಿ ನಾವು ಇಪ್ಪತ್ತು ಜನ ವಿದ್ಯಾರ್ಥಿಗಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆವು. ನೆಟ್ ಓಡುತ್ತಿತ್ತು. ಎಲ್ಲ ಮುಗಿಯಿತೆನ್ನುವಾಗ ಅವರಲ್ಲಿ ಹಿರಿಯರೊಬ್ಬರು ಪೆಟ್ಟಿಗೆಯ ಪುಟದ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, ಗಟ್ಟಿಯಾಗಿ ಓದಿದರು.

"ಬೀಡಿ? ಏನ್ರೀ ಇದು, ಕಾಲೇಜಿನಲ್ಲಿ ಬೀಡಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ತಡೆದುಕೊಂಡರು. ಓಬಳೇಶಪ್ಪನವರ ಮುಖ ಬಿಳುಪಾಯಿತು. ಲಕ್ಷ್ಮೀಕಾಂತ್ ಬಾಯಿ ತೆರೆದರು, ಆಮೇಲೆ ಬಾಗಿಲ ಬಳಿ ನೀರಿನ ಜಗ್ಗು ಹಿಡಿದು ನಿಂತಿದ್ದವರ ಕಡೆ ತಿರುಗಿದರು. "ಏಕಾಂತಮ್ಮಾರೆ, ನೀವೇ ಹೇಳ್ರಿ."

ಅವರು ಜಗ್ಗನ್ನು ಕೆಳಗಿಟ್ಟರು. "ಬೀಡಿ ಅಲ್ರಿ ಸಾರ್, ಬೀದಿ. ಹೊರಗಿನ ಲೈನು ಬೀದಿ. ನಮ್ಮ ಲ್ಯಾಬು, ಆಫೀಸು ನಡುಮನೆ. ರಿಸಲ್ಟ್ ನೋಡಾಕೆ ಊರೋರೆಲ್ಲ ಬರ್ತಾರಲ್ಲ, ಅವರಿಗೆ ಕಟ್ಟೆ. ಕಟ್ಟೆವರೆಗೆ ಯಾರು ಬೇಕಾದ್ರೂ ಬರಬೌದು, ಒಳಗೆ ಬಿಡಲ್ಲ. ಉಳಿದ ಮೂರು ಬಾಗಿಲಿಗೆ ಅಗುಳಿ ಹಾಕೈತೆ."

ಹಿರಿಯರು ಪರದೆಯನ್ನು ಇನ್ನೊಮ್ಮೆ ನೋಡಿದರು. "ಇದನ್ನ ಯಾರು ನೋಡ್ಕೊಳ್ಳೋದು?"

ಓಬಳೇಶಪ್ಪ ಉತ್ತರಿಸುವ ಮೊದಲೇ ಲಕ್ಷ್ಮೀಕಾಂತ್ ಹೇಳಿದರು: "ಪೆಟ್ಟಿಗೆ ಒಳಗಿನದು ನಾನು ಸಾರ್. ತಂತಿ, ದೀಪ, ಕೋಣೆ ಇವರದು. ದಿನಾ ಎರಡು ಹೊತ್ತು ಬರೆದಿಟ್ಟಾರೆ, ಎರಡು ವರ್ಷದ್ದು ಐತೆ."

ಹಾಜರಿ ಪುಸ್ತಕ ತರಿಸಿ ನೋಡಿದರು. ಹಿರಿಯರು ನಾಲ್ಕು ಹಾಳೆ ತಿರುವಿ, ತಮ್ಮ ಫೈಲಿನಲ್ಲಿ ಏನೋ ಬರೆದುಕೊಂಡರು.

ಸಂಜೆ ಸಮಿತಿಯ ಕಾರು ಗೇಟು ದಾಟಿದ ಮೇಲೆ ಓಬಳೇಶಪ್ಪನವರು ಇಬ್ಬರನ್ನೂ ಕರೆಸಿದರು. ಡ್ರಾ ಎಳೆದು ಕೀ ತೆಗೆದರು. ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟರು, ಮಧ್ಯಾಹ್ನ ಪೇಟೆಗೆ ಕಳಿಸಿ ಮಾಡಿಸಿದ್ದು; ಅದರ ಅಂಚು ಇನ್ನೂ ಚೂಪಾಗಿ ಹೊಳೆಯುತ್ತಿತ್ತು.

"ಹಾಸ್ಟೆಲಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ಈಗ ಎರಡು ಕೀ ಅವೆ. ಯಾವುದು ಯಾರಿಗೆ, ನೀವೇ ತೀರ್ಮಾನ ಮಾಡ್ಕಳ್ರಿ."

ಏಕಾಂತಮ್ಮ ಕೈ ಚಾಚಲಿಲ್ಲ. ಲಕ್ಷ್ಮೀಕಾಂತ್ ಹಳೆಯ ಕೀಯನ್ನು ಬೆರಳಿನಿಂದ ಅವರ ಕಡೆ ಸರಿಸಿದರು.

"ಲಾಭ ನೀವು ಇಟ್ಕಳ್ರಿ," ಎಂದರು. "ಎರಡು ನನಗಿರಲಿ."

ಏಕಾಂತಮ್ಮ ಅದನ್ನು ಎತ್ತಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕೋಣೆಗೆ ಬೀಗ ಹಾಕಲು ಹೋದರು.